ಹೊಸ ಸ್ವಾಯತ್ತ ಕಾಲೇಜಿನ ಇಸಿ ಸ್ಕೀಮ್: 160 ಕ್ರೆಡಿಟ್ ಕೂಡಿದೆ, ಆದರೆ ಟೈಮ್‌ಟೇಬಲ್, ಲ್ಯಾಬ್, ಸಂಶೋಧನೆ ಹೊಂದುತ್ತಿಲ್ಲ

ಪ್ರಶ್ನೆ: ಇಸಿ_ಕರಡು

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜು, ಸ್ವಾಯತ್ತತೆ ಈಗಷ್ಟೇ ಸಿಕ್ಕಿದೆ. ವಿಭಾಗ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ವರ್ಷಕ್ಕೆ 180 ಸೀಟು, ಮೂರು ಸೆಕ್ಷನ್. ಪ್ರೊಫೆಸರ್ 3, ಅಸೋಸಿಯೇಟ್ 6, ಅಸಿಸ್ಟೆಂಟ್ 18, ಒಟ್ಟು 27 ಮಂದಿ.

ಮುಂದಿನ ಪ್ರವೇಶದ ಬ್ಯಾಚಿನಿಂದ ನಮ್ಮದೇ ಸ್ಕೀಮ್ (ಯಾವ ಸೆಮಿಸ್ಟರಿಗೆ ಯಾವ ಕೋರ್ಸ್, ಎಷ್ಟು ಕ್ರೆಡಿಟ್ ಅನ್ನುವ ಪಟ್ಟಿ) ಜಾರಿಗೆ ಬರಬೇಕು. ಕರಡು ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2018ರ ಮಾದರಿ ಪಠ್ಯಕ್ರಮದ ಅಳತೆಯಲ್ಲೇ ಇದೆ: ಮಾನವಿಕ ಮತ್ತು ಮ್ಯಾನೇಜ್‌ಮೆಂಟ್ 12, ಬೇಸಿಕ್ ಸೈನ್ಸ್ 25, ಎಂಜಿನಿಯರಿಂಗ್ ಸೈನ್ಸ್ 24, ಪ್ರೊಫೆಷನಲ್ ಕೋರ್ 48, ಪ್ರೊಫೆಷನಲ್ ಎಲೆಕ್ಟಿವ್ 18, ಓಪನ್ ಎಲೆಕ್ಟಿವ್ 18, ಪ್ರಾಜೆಕ್ಟ್-ಸೆಮಿನಾರ್-ಇಂಟರ್ನ್‌ಶಿಪ್ 15. ಕೂಡಿದರೆ 160.

ಆಡಳಿತ ಮಂಡಳಿಯವರಿಗೆ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ), ಎಐ, ಆರ್‌ಎಫ್ (ರೇಡಿಯೊ ತರಂಗ, ಆಂಟೆನಾ) ಅಂತ ಮೂರು ಎಲೆಕ್ಟಿವ್ ಟ್ರ್ಯಾಕ್ ಬೇಕು. ವಿಭಾಗದ ಸಂಶೋಧನೆ ಸಿಲಬಸ್‌ನಲ್ಲಿ ಕಾಣಬೇಕು ಅಂತಲೂ ಹೇಳಿದ್ದಾರೆ. ಬಿಒಎಸ್ (ಸಿಲಬಸ್ ಮಂಜೂರು ಮಾಡುವ ಅಧ್ಯಯನ ಮಂಡಳಿ) ಸಭೆಗೆ ಮೂರು ತಿಂಗಳಿದೆ. ನನ್ನ ಪ್ರಶ್ನೆಗಳು:

1. ಕ್ರೆಡಿಟ್ ಸರಿಯಾಗಿ ಕೂಡಿದೆ, ಆದರೂ ಟೈಮ್‌ಟೇಬಲ್ ಹಾಕಿ ನೋಡಿದರೆ ಕೂರುತ್ತಿಲ್ಲ. ಎಲ್ಲಿ ತಪ್ಪಿದೆ?
2. ಸಂಶೋಧನೆಯನ್ನು ಪಠ್ಯಕ್ರಮಕ್ಕೆ ಜೋಡಿಸುವುದು ಅಂದರೆ ಏನು ಮಾಡಬೇಕು? ಒಬ್ಬೊಬ್ಬರ ಥೀಸಿಸ್ ವಿಷಯಕ್ಕೆ ಒಂದೊಂದು ಎಲೆಕ್ಟಿವ್ ಇಡುವುದು ಸರಿ ಅನ್ನಿಸುತ್ತಿಲ್ಲ.
3. ಮುಂದೆ ಪರೀಕ್ಷಾ ವಿಭಾಗದಲ್ಲಿ ಸಿಕ್ಕಿಹಾಕಿಕೊಳ್ಳುವಂಥವು ಯಾವುವು?

ಉತ್ತರ: ಗಂಟೆಲೆಕ್ಕ

ಕ್ರೆಡಿಟ್ ಅನ್ನುವುದು ವಿದ್ಯಾರ್ಥಿಯ ಕಡೆಯ ಲೆಕ್ಕ. ಟೈಮ್‌ಟೇಬಲ್ ಕೂರುವುದು ಅಧ್ಯಾಪಕರ ಗಂಟೆ ಮತ್ತು ಲ್ಯಾಬ್ ಕೋಣೆಯ ಗಂಟೆಯ ಮೇಲೆ. ಈ ಎರಡು ಲೆಕ್ಕ ನಿಮ್ಮ ಕರಡಿನಲ್ಲಿ ಇಲ್ಲ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. 3 ಕ್ರೆಡಿಟ್‌ನ ಒಂದು ಥಿಯರಿ ಕೋರ್ಸಿಗೆ ವಾರಕ್ಕೆ 3 ಗಂಟೆ, ಮೂರು ಸೆಕ್ಷನ್ನಿಗೆ 9 ಅಧ್ಯಾಪಕ-ಗಂಟೆ. ಈಗ 1 ಕ್ರೆಡಿಟ್‌ನ ಒಂದು ಲ್ಯಾಬ್: 2 ಗಂಟೆ, 20ರ ಬ್ಯಾಚು, 180 ಮಂದಿಗೆ 9 ಬ್ಯಾಚು. ಕೋಣೆಗೆ 18 ಗಂಟೆ. ಬ್ಯಾಚಿಗೆ ಇಬ್ಬರು ಅಂತ ಹಿಡಿದರೆ 36 ಅಧ್ಯಾಪಕ-ಗಂಟೆ. ಅಂದರೆ ಮೂರು ಕ್ರೆಡಿಟ್ ಥಿಯರಿಯ ನಾಲ್ಕು ಪಟ್ಟು ಬೆಲೆ ಒಂದು ಕ್ರೆಡಿಟ್ ಲ್ಯಾಬಿಗೆ. ಥಿಯರಿ, ಲ್ಯಾಬ್ ಎರಡೂ ಸೇರಿದ ಐಪಿಸಿಸಿ ಕೋರ್ಸ್ (3+1 ಕ್ರೆಡಿಟ್) ಒಂದಕ್ಕೆ 9+36, ಅಂದರೆ 45.

ಬೆಸ ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಬರುವ ಕೋರ್ಸುಗಳನ್ನು ಹಾಕಿ:

3ನೇ ಸೆಮ್: ಐಪಿಸಿಸಿ 2 (90), ಥಿಯರಿ 2 (18), ಪ್ರತ್ಯೇಕ ಲ್ಯಾಬ್ 1 (36) = 144. ಗಣಿತ ಅವರ ವಿಭಾಗದ ಪಾಲು, ಬಿಟ್ಟಿದ್ದೇನೆ.
5ನೇ ಸೆಮ್: ಐಪಿಸಿಸಿ 1 (45), ಥಿಯರಿ 3 (27), ಲ್ಯಾಬ್ 1 (36), ಎಲೆಕ್ಟಿವ್ ಸ್ಲಾಟ್ 1, ಮೂರು ಆಯ್ಕೆ (9) = 117.
7ನೇ ಸೆಮ್: ಐಪಿಸಿಸಿ 2 (90), ಥಿಯರಿ 1 (9), ಎಲೆಕ್ಟಿವ್ ಸ್ಲಾಟ್ 2, ಮೂರು ಮೂರು ಆಯ್ಕೆ (18) = 117.

ಒಟ್ಟು 378. ಇನ್ನು ನಿಮ್ಮ ಕೈಯಲ್ಲಿರುವುದು: ವಾರಕ್ಕೆ ಅಸಿಸ್ಟೆಂಟಿಗೆ 16, ಅಸೋಸಿಯೇಟ್ ಮತ್ತು ಪ್ರೊಫೆಸರಿಗೆ 14 ಗಂಟೆ ನೇರ ಬೋಧನೆ. 18×16 + 9×14 = 414. ಉಳಿದದ್ದು 36. ಮೊದಲ ವರ್ಷದವರಿಗೆ ಬೇಸಿಕ್ ಎಲೆಕ್ಟ್ರಾನಿಕ್ಸ್, ಎಂ.ಟೆಕ್ ಇದ್ದರೆ ಅದು, ಪ್ರಾಜೆಕ್ಟ್ ಮಾರ್ಗದರ್ಶನ, ಟ್ಯುಟೋರಿಯಲ್ ಎಲ್ಲ ಈ 36ರಲ್ಲೇ ಆಗಬೇಕು. ಆಗುವುದಿಲ್ಲ. ಸಂಶೋಧನೆಗೆ ಸಮಯವೇ ಇಲ್ಲ ಅನ್ನುವ ದೂರಿನ ಬೇರು ಮುಕ್ಕಾಲುಪಾಲು ಇಲ್ಲೇ ಇರುತ್ತದೆ.

ಕೋಣೆಯ ಲೆಕ್ಕವೂ ಹೀಗೇ. ದಿನಕ್ಕೆ ಎರಡು ಗಂಟೆಯ 3 ಸ್ಲಾಟು, ಐದು ದಿನ, ಶನಿವಾರ 2 ಸೇರಿಸಿದರೆ 17. ಒಂದು ಲ್ಯಾಬ್ ಕೋರ್ಸಿಗೆ 9 ಸ್ಲಾಟು ಬೇಕು. ಒಂದೇ ಕೋಣೆಯಲ್ಲಿ ಎರಡು ಕೋರ್ಸ್ ಹಾಕಿದರೆ 18 ಆಗುತ್ತದೆ, ಯಾವಾಗಲೂ ಒಂದು ಬ್ಯಾಚು ಹೊರಗೆ ನಿಲ್ಲುತ್ತದೆ. ನಿಮ್ಮ ಟೈಮ್‌ಟೇಬಲ್ ಬಿಗಿಯಾಗಿರುವುದು ಇಲ್ಲೇ ಇರಬೇಕು.

ಏನು ಕಡಿಮೆ ಮಾಡಬಹುದು? ಕೈಯಲ್ಲಿ ಉಪಕರಣ ಹಿಡಿಯಲೇಬೇಕಾದ ಲ್ಯಾಬುಗಳನ್ನು ಮುಟ್ಟಬೇಡಿ: ಅನಲಾಗ್, ಡಿಜಿಟಲ್, ಮೈಕ್ರೋಕಂಟ್ರೋಲರ್, ಕಮ್ಯುನಿಕೇಷನ್. ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವುದಷ್ಟೇ ಇರುವ ಸಿಗ್ನಲ್ಸ್, ಕಂಟ್ರೋಲ್ ಲ್ಯಾಬುಗಳನ್ನು 1 ಕ್ರೆಡಿಟ್ ಟ್ಯುಟೋರಿಯಲ್ ಮಾಡಿ. ಆಕ್ಟೇವ್ ಅಥವಾ ಪೈಥಾನ್, ವಿದ್ಯಾರ್ಥಿಗಳದೇ ಲ್ಯಾಪ್‌ಟಾಪು, ವಾರಕ್ಕೆ 1 ಗಂಟೆ. 60 ಮಂದಿಗೆ ಇಬ್ಬರು ಅಧ್ಯಾಪಕರನ್ನೇ ಹಾಕಿದರೂ ಮೂರು ಸೆಕ್ಷನ್ನಿಗೆ 6 ಗಂಟೆ. 36 ಇದ್ದದ್ದು 6ಕ್ಕೆ ಬಂತು, ಕ್ರೆಡಿಟ್ ಅಷ್ಟೇ ಉಳಿಯಿತು. ಪ್ರತ್ಯೇಕ ಲ್ಯಾಬನ್ನು ಐಪಿಸಿಸಿಗೆ ಸೇರಿಸಿದರೆ ಗಂಟೆ ಉಳಿಯುತ್ತದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಉಳಿಯುವುದಿಲ್ಲ, ಬ್ಯಾಚುಗಳು ಅಷ್ಟೇ ಇರುತ್ತವೆ. ಪರೀಕ್ಷೆಯ ದಿನಗಳು ಮಾತ್ರ ಉಳಿಯುತ್ತವೆ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಎಲೆಕ್ಟಿವ್ ಸ್ಲಾಟಿಗೆ ಇನ್ನೊಂದು ಆಯ್ಕೆ ಸೇರಿಸಿದರೆ ಹೆಚ್ಚುವುದು ಬರೀ 3 ಗಂಟೆ. ಆದ್ದರಿಂದ ಮೂರು ಟ್ರ್ಯಾಕ್ ಇಡುವುದು ಗಂಟೆಯ ದೃಷ್ಟಿಯಿಂದ ದುಬಾರಿಯಲ್ಲ, ಆ ಟ್ರ್ಯಾಕುಗಳಿಗೆ ಒಂದೊಂದು ಲ್ಯಾಬ್ ಇಟ್ಟರೆ ದುಬಾರಿ.

ಉತ್ತರ: ಮೂರನೇ_ಸೆಮ್

ಮೇಲಿನವರ ಲೆಕ್ಕ ಒಪ್ಪುತ್ತೇನೆ. ಆದರೆ ಗಂಟೆ ಹೊಂದಿಸುವ ಮುಂಚೆ ಯಾವ ಪಾಠದ ಮೇಲೆ ಯಾವ ಪಾಠ ನಿಂತಿದೆ ಅನ್ನುವ ನಕ್ಷೆ ಬರೆಯಿರಿ. ದೊಡ್ಡ ಹಾಳೆ, ಪ್ರತಿ ಕೋರ್ಸಿಗೊಂದು ಚೌಕ, ಬಾಣದ ಗುರುತು. ಕೋರ್ಸಿನಿಂದ ಕೋರ್ಸಿಗೆ ಬಾಣ ಎಳೆದರೆ ಸಾಲದು. ಯಾವ ವಾರದಲ್ಲಿ ಏನು ಬೇಕು ಅಂತ ಬಾಣದ ಮೇಲೆ ಬರೆಯಬೇಕು.

ಇಸಿಯಲ್ಲಿ ಮತ್ತೆ ಮತ್ತೆ ಕಾಣುವ ಬಿರುಕು ಇದು: 3ನೇ ಸೆಮಿಸ್ಟರ್‌ನಲ್ಲೇ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಇಡುತ್ತಾರೆ. ಫೋರಿಯರ್ ಟ್ರಾನ್ಸ್‌ಫಾರ್ಮ್, ಜೆಡ್ ಟ್ರಾನ್ಸ್‌ಫಾರ್ಮ್ ಅದೇ ಸೆಮಿಸ್ಟರಿನ ಗಣಿತದಲ್ಲಿ ಇರುತ್ತವೆ. ಐದು ಮಾಡ್ಯೂಲ್, 40 ಗಂಟೆಯ ಲೆಕ್ಕದಲ್ಲಿ ಗಣಿತದವರು ಎರಡನೇ ಮೂರನೇ ಮಾಡ್ಯೂಲಿಗೆ ಬರುವಷ್ಟರಲ್ಲಿ ಸಿಗ್ನಲ್ಸ್‌ನವರಿಗೆ ಅದು ಆಗಲೇ ಬೇಕಾಗಿರುತ್ತದೆ. ಆಗ ಸಿಗ್ನಲ್ಸ್ ಮೇಷ್ಟ್ರು ಗಣಿತವನ್ನು ತಾವೇ ಅರ್ಧಂಬರ್ಧ ಹೇಳಿಕೊಡುತ್ತಾರೆ, ಕೊನೆಯ ಮಾಡ್ಯೂಲ್ ಓಡಿಸಿಬಿಡುತ್ತಾರೆ, 5ನೇ ಸೆಮ್‌ನ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಕುಂಟುತ್ತದೆ. ಪರಿಹಾರ ಎರಡು: ಸಿಗ್ನಲ್ಸ್ ಅನ್ನು 4ಕ್ಕೆ ಸರಿಸುವುದು, ಇಲ್ಲವೇ ಗಣಿತ ವಿಭಾಗದ ಜೊತೆ ಕೂತು ಫೋರಿಯರ್ ಅನ್ನು ಮೊದಲ ಮಾಡ್ಯೂಲಿಗೆ ತರಿಸುವುದು. ಎರಡನೆಯದು ಸುಲಭ ಅನ್ನಿಸಬಹುದು. ಆದರೆ ಗಣಿತದ ಸಿಲಬಸ್ ಹಲವು ವಿಭಾಗಗಳಿಗೆ ಒಂದೇ ಆಗಿದ್ದರೆ ನಿಮ್ಮೊಬ್ಬರಿಗಾಗಿ ಬದಲಾಗುವುದಿಲ್ಲ. ಇಸಿಗೆ ಬೇರೆ ಗಣಿತ ಕೋರ್ಸ್ ಕೇಳಿ ಪಡೆಯಿರಿ.

ಲ್ಯಾಟರಲ್ ಎಂಟ್ರಿಯವರನ್ನು ಮರೆಯಬೇಡಿ. ಡಿಪ್ಲೊಮಾದಿಂದ ನೇರ 3ನೇ ಸೆಮಿಸ್ಟರಿಗೆ ಬರುವವರಿಗೆ ಮೊದಲ ವರ್ಷದ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಇರುವುದಿಲ್ಲ. ಕ್ರೆಡಿಟ್ ಇಲ್ಲದ ಬ್ರಿಡ್ಜ್ ಗಣಿತ ಇಡುವುದು ವಾಡಿಕೆ. ಅದನ್ನು ಸಂಜೆ ನಾಲ್ಕರ ಮೇಲೆ ಹಾಕಿ ಹಾಜರಾತಿ ಇಲ್ಲ ಅಂತ ಗೊಣಗುವುದೂ ವಾಡಿಕೆ! ಟೈಮ್‌ಟೇಬಲಿನ ಒಳಗೇ, ಸೆಮಿಸ್ಟರಿನ ಮೊದಲ ಆರು ವಾರಕ್ಕೆ ಒತ್ತಿ ಮುಗಿಸಿ. ಅವರ ಒಟ್ಟು ಕ್ರೆಡಿಟ್ ಎಷ್ಟು (ಮೊದಲ ವರ್ಷದ 40 ಕಳೆದರೆ 120), ಪಠ್ಯೇತರ ಚಟುವಟಿಕೆಯ ಆಕ್ಟಿವಿಟಿ ಪಾಯಿಂಟ್ ಎಷ್ಟು (ಉಳಿದವರಿಗೆ 100, ಇವರಿಗೆ 75) ಅನ್ನುವುದನ್ನು ನಿಯಮಾವಳಿಯಲ್ಲಿ ಪ್ರತ್ಯೇಕ ಕಲಮಾಗಿ ಬರೆಯಿರಿ.

ಟ್ರ್ಯಾಕುಗಳಿಗೂ ಇದೇ ನಕ್ಷೆ. ವಿಎಲ್‌ಎಸ್‌ಐ ಟ್ರ್ಯಾಕಿಗೆ: 3ರಲ್ಲಿ ಡಿಜಿಟಲ್ ಜೊತೆ ವೆರಿಲಾಗ್ (ಸರ್ಕ್ಯೂಟನ್ನು ಕೋಡಿನಲ್ಲಿ ಬರೆಯುವ ಭಾಷೆ), 4ರಲ್ಲಿ ಅನಲಾಗ್, 5ರಲ್ಲಿ ಸಿಮಾಸ್ ವಿಎಲ್‌ಎಸ್‌ಐ ಕೋರ್, 6ರಲ್ಲಿ ವೆರಿಫಿಕೇಷನ್ ಅಥವಾ ಅನಲಾಗ್ ಐಸಿ, 7ರಲ್ಲಿ ಫಿಸಿಕಲ್ ಡಿಸೈನ್. 5ರ ಕೋರ್ 6ಕ್ಕೆ ಜಾರಿದರೆ ಟ್ರ್ಯಾಕಿನಲ್ಲಿ ಒಂದೇ ಎಲೆಕ್ಟಿವ್ ಉಳಿಯುತ್ತದೆ. ಆರ್‌ಎಫ್‌ಗೆ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ 4ರಲ್ಲೇ ಮುಗಿದಿರಬೇಕು. ಎಐ ಟ್ರ್ಯಾಕಿಗೆ ಪ್ರಾಬಬಿಲಿಟಿ ಯಾವ ಸೆಮಿಸ್ಟರಿನಲ್ಲಿದೆ ನೋಡಿ. ಎಷ್ಟೋ ಇಸಿ ಸ್ಕೀಮಿನಲ್ಲಿ ಅದು ಕಮ್ಯುನಿಕೇಷನ್ ಥಿಯರಿಯ ಒಂದು ಮೂಲೆಯಲ್ಲಿ ಅಡಗಿರುತ್ತದೆ, ಮಷೀನ್ ಲರ್ನಿಂಗ್ ಎಲೆಕ್ಟಿವ್ ಅದಕ್ಕಿಂತ ಮುಂಚೆ ಬಂದಿರುತ್ತದೆ.

ಉತ್ತರ: ಅಂಕಪಟ್ಟಿ_ವಿಭಾಗ

ಮೂರನೇ ಪ್ರಶ್ನೆಗೆ. ಪರೀಕ್ಷಾ ವಿಭಾಗಕ್ಕೆ ಬಂದು ಕೂರುವ ತೊಡಕುಗಳು ಬಹುಪಾಲು ಸ್ಕೀಮ್ ಬರೆಯುವಾಗಲೇ ಹುಟ್ಟಿರುತ್ತವೆ.

ಕೋರ್ಸ್ ಕೋಡ್. ಸಿಲಬಸ್ ಬದಲಾಯಿಸಿ ಕೋಡ್ ಹಾಗೇ ಬಿಟ್ಟರೆ, ಹಳೆಯ ಬ್ಯಾಕ್‌ಲಾಗ್ ವಿದ್ಯಾರ್ಥಿಗೆ ಹೊಸ ಸಿಲಬಸ್‌ನ ಪ್ರಶ್ನೆಪತ್ರಿಕೆ ಹೋಗುತ್ತದೆ. ಕೋಡಿನಲ್ಲಿ ಸ್ಕೀಮಿನ ವರ್ಷ ಇರಲಿ, ಕ್ರೆಡಿಟ್ ಅಥವಾ ಮಾಡ್ಯೂಲ್ ಬದಲಾದರೆ ಹೊಸ ಕೋಡ್ ಕಡ್ಡಾಯ. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ (ವಿದ್ಯಾರ್ಥಿಯ ಕ್ರೆಡಿಟ್ ಜಮೆಯಾಗುವ ರಾಷ್ಟ್ರೀಯ ಖಾತೆ) ಹೋಗುವಾಗಲೂ ಕೋಡ್-ಕ್ರೆಡಿಟ್ ಜೋಡಿ ಒಂದೇ ಇರಬೇಕು. 3 ಕ್ರೆಡಿಟ್ ಅಂತ ಒಮ್ಮೆ ಹೋದದ್ದು ಮುಂದಿನ ವರ್ಷ ಅದೇ ಕೋಡಿನಲ್ಲಿ 4 ಅಂತ ಹೋದರೆ ತಿದ್ದುಪಡಿ ತಲೆನೋವು.

ಎರಡು ಸ್ಕೀಮ್ ಒಟ್ಟಿಗೆ. ನಿಮ್ಮ ಸ್ಕೀಮ್ ಹೊಸ ಬ್ಯಾಚಿಗೆ ಮಾತ್ರ. ಈಗಿರುವವರು ಮುಗಿಸುವ ತನಕ ವಿಟಿಯು ಸ್ಕೀಮಿನಲ್ಲೇ, ವಿಟಿಯು ಪರೀಕ್ಷೆಯಲ್ಲೇ ಇರುತ್ತಾರೆ. ಆದ್ದರಿಂದ ಮೂರು ವರ್ಷ ಎರಡು ಶೈಕ್ಷಣಿಕ ಕ್ಯಾಲೆಂಡರ್ ನಡೆಯುತ್ತವೆ. ನಿಮ್ಮ ಸೆಮಿಸ್ಟರ್ ಪರೀಕ್ಷೆಯ ವಾರದಲ್ಲಿ ವಿಟಿಯು ಪ್ರಾಕ್ಟಿಕಲ್ ಬಿದ್ದರೆ ಅವೇ ಲ್ಯಾಬ್, ಅವೇ ಅಧ್ಯಾಪಕರು. ಪುನಃಪ್ರವೇಶ ಪಡೆದು ಹಳೆಯ ಸ್ಕೀಮಿನಿಂದ ಹೊಸದಕ್ಕೆ ಬೀಳುವವರಿಗೆ ಸಮಾನ ಕೋರ್ಸ್‌ಗಳ ಪಟ್ಟಿ ಬೇಕು. ಅದನ್ನು ಮೊದಲ ಬಿಒಎಸ್‌ನಲ್ಲೇ ಮಂಜೂರು ಮಾಡಿಸಿ. ಆಮೇಲೆ ಒಬ್ಬೊಬ್ಬರ ಅರ್ಜಿಗೂ ಸಭೆ ಕರೆಯುವುದು ಬೇಡ.

ಪ್ರತ್ಯೇಕ ಲ್ಯಾಬ್ ಎಷ್ಟು ಇಡುತ್ತೀರಿ ಅನ್ನುವುದರ ಮೇಲೆ ಪ್ರಾಕ್ಟಿಕಲ್ ಪರೀಕ್ಷೆಯ ದಿನಗಳು ನಿಲ್ಲುತ್ತವೆ. 9 ಬ್ಯಾಚು, ಬ್ಯಾಚಿಗೆ 3 ಗಂಟೆ, ದಿನಕ್ಕೆ ಎರಡು ಬ್ಯಾಚು: ಒಂದು ಲ್ಯಾಬಿಗೆ ಐದು ದಿನ, ಆಂತರಿಕ ಒಬ್ಬರು, ಬಾಹ್ಯ ಒಬ್ಬರು. ವಿಟಿಯು ಮಾದರಿಯ ಐಪಿಸಿಸಿಯಲ್ಲಿ ಲ್ಯಾಬ್ ಭಾಗ ಸಿಐಇಯಲ್ಲೇ (ಸೆಮಿಸ್ಟರ್ ಉದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನ) ಮುಗಿಯುತ್ತದೆ, ಸೆಮಿಸ್ಟರ್ ಅಂತ್ಯದ ಪ್ರಾಕ್ಟಿಕಲ್ ಇಲ್ಲ. ಗಂಟೆಲೆಕ್ಕದವರು ಹೇಳಿದ ಉಳಿತಾಯ ಇದೇ. ಆದರೆ ಆಗ ಲ್ಯಾಬ್ ಭಾಗಕ್ಕೆ ಪ್ರತ್ಯೇಕ ಕನಿಷ್ಠ ಅಂಕ ಇಡಿ. ಇಲ್ಲದಿದ್ದರೆ ಲ್ಯಾಬಿಗೆ ಬಾರದವನೂ ಥಿಯರಿ ಅಂಕದ ಬಲದಲ್ಲಿ ದಾಟಿಬಿಡುತ್ತಾನೆ.

ಸ್ವಯಂ-ಎನ್‌ಪಿಟೆಲ್ ಆನ್‌ಲೈನ್ ಕೋರ್ಸ್. 12 ವಾರದ್ದಕ್ಕೆ 3 ಕ್ರೆಡಿಟ್, 8 ವಾರದ್ದಕ್ಕೆ 2. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40% ತನಕ ಯುಜಿಸಿ ನಿಯಮ ಬಿಡುತ್ತದೆ, ಆದರೆ ನೀವು ಅಷ್ಟಕ್ಕೆ ಹೋಗಬೇಕಾಗಿಲ್ಲ. ಎನ್‌ಪಿಟೆಲ್ ಫಲಿತಾಂಶ ನಿಮ್ಮ ಅಂಕಪಟ್ಟಿಯ ದಿನಾಂಕಕ್ಕೆ ಕಾಯುವುದಿಲ್ಲ. 8ನೇ ಸೆಮಿಸ್ಟರ್‌ಗೆ ಎಣಿಸುವ ಕೋರ್ಸನ್ನು ವಿದ್ಯಾರ್ಥಿ 6 ಅಥವಾ 7ರಲ್ಲೇ ಮುಗಿಸಿರಬೇಕು ಅಂತ ನಿಯಮ ಬರೆಯಿರಿ. ಇಲ್ಲದಿದ್ದರೆ ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಾಗ ಪದವಿ ಪ್ರಮಾಣಪತ್ರ ನಿಂತಿರುತ್ತದೆ. ಎನ್‌ಪಿಟೆಲ್‌ನ ಅಸೈನ್‌ಮೆಂಟ್ 25, ಪರೀಕ್ಷೆ 75 ಅಂಕವನ್ನು ನಿಮ್ಮ ಗ್ರೇಡಿಗೆ ಪರಿವರ್ತಿಸುವ ಕೋಷ್ಟಕವೂ ನಿಯಮಾವಳಿಯಲ್ಲೇ ಇರಲಿ.

ಎಲೆಕ್ಟಿವ್‌ಗಳ ಬಗ್ಗೆ ಒಂದೇ ಮಾತು: ಒಂದು ಸ್ಲಾಟಿನ ಎಲ್ಲ ಆಯ್ಕೆಗಳು ಮೂರು ಸೆಕ್ಷನ್ನಿಗೂ ಒಂದೇ ವೇಳೆಯಲ್ಲಿ ನಡೆಯಬೇಕು, ಪರೀಕ್ಷೆಯೂ ಒಂದೇ ದಿನ. ಕನಿಷ್ಠ ಎಷ್ಟು ಮಂದಿ, ಗರಿಷ್ಠ ಎಷ್ಟು ಮಂದಿ, ಮಿಕ್ಕವರನ್ನು ಯಾವ ಆಧಾರದ ಮೇಲೆ ಬೇರೆಡೆ ಕಳಿಸುತ್ತೀರಿ ಅನ್ನುವುದು ನೋಂದಣಿಗೆ ಮುಂಚೆ ಪ್ರಕಟವಾಗಿರಲಿ. 180ರಲ್ಲಿ 120 ಮಂದಿ ಎಐ ಕೇಳಿ, ಆರ್‌ಎಫ್‌ಗೆ ಎಂಟೇ ಮಂದಿ ಬರುವುದು ಮಾಮೂಲು.

ಇಸಿ_ಕರಡು

ಎಲ್ಲರಿಗೂ ಧನ್ಯವಾದ. ಕರಡು ಮತ್ತೆ ಎಣಿಸಿದೆ: ಕಂಪ್ಯೂಟರ್ ಮೇಲಷ್ಟೇ ನಡೆಯುವ ಎರಡು ಲ್ಯಾಬ್ ಇದ್ದವು, ಟ್ಯುಟೋರಿಯಲ್ ಮಾಡಿದರೆ 60 ಗಂಟೆ ಉಳಿಯುತ್ತದೆ. ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ವಿಭಾಗಕ್ಕೆ ವಿಟಿಯು ಸಂಶೋಧನಾ ಕೇಂದ್ರದ ಮಾನ್ಯತೆ ಇದೆ, ಪೂರ್ಣಾವಧಿ ಪಿಎಚ್‌ಡಿ ವಿದ್ಯಾರ್ಥಿಗಳು ಆರು ಮಂದಿ. ವಿಎಲ್‌ಎಸ್‌ಐ ಮತ್ತು ಆಂಟೆನಾ ಎರಡರಲ್ಲೂ ಕೆಲಸ ನಡೆಯುತ್ತಿದೆ.

ಉತ್ತರ: ಗೈಡ್_ಕೋಟಾ

ಥೀಸಿಸ್ ವಿಷಯವನ್ನು ಎಲೆಕ್ಟಿವ್ ಮಾಡುವುದು ಬೇಡ ಅನ್ನುವ ನಿಮ್ಮ ಅನಿಸಿಕೆ ಸರಿ. ಆ ಅಧ್ಯಾಪಕರು ಬಿಟ್ಟುಹೋದರೆ ಕೋರ್ಸಿನ ಪಾಠ ಹೇಳುವವರಿಲ್ಲ, ಪ್ರಶ್ನೆಪತ್ರಿಕೆ ಹಾಕುವ ಹೊರಗಿನವರು ಮೊದಲೇ ಸಿಗುವುದಿಲ್ಲ. ನನ್ನ ಅಳತೆಗೋಲು: ಪಾಠ ಮಾಡಬಲ್ಲವರು ವಿಭಾಗದಲ್ಲಿ ಇಬ್ಬರಾದರೂ ಇಲ್ಲದ ಎಲೆಕ್ಟಿವ್ ಪಟ್ಟಿಗೆ ಬರಬಾರದು. ಸಂಶೋಧನೆಯನ್ನು ಬೇರೆ ಮೂರು ಕಡೆ ಜೋಡಿಸಬಹುದು.

ಮೊದಲನೆಯದು ಲ್ಯಾಬಿನ ಎರಡನೇ ಕುರ್ಚಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸ ಕೊಡಬಹುದು. ಆರು ಮಂದಿಗೆ 4 ಗಂಟೆ ಹಿಡಿದರೂ 24 ಗಂಟೆ. ಬ್ಯಾಚಿನ ಮುಖ್ಯ ಹೊಣೆ ಅಧ್ಯಾಪಕರದೇ, ಎರಡನೆಯವರು ಸಂಶೋಧನಾ ವಿದ್ಯಾರ್ಥಿ. ಅವರ ಕೆಲಸಕ್ಕೆ ಹತ್ತಿರದ ಲ್ಯಾಬನ್ನೇ ಕೊಡಿ. ಆಂಟೆನಾದವರನ್ನು ವೆರಿಲಾಗ್ ಲ್ಯಾಬಿಗೆ ಹಾಕಿದರೆ ಇಬ್ಬರಿಗೂ ಲಾಭವಿಲ್ಲ. ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಿರುವ ನಿಮ್ಮದೇ ಅಧ್ಯಾಪಕರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅವರ ಗಂಟೆ ಆಗಲೇ 414ರಲ್ಲಿ ಇದೆ.

ಎಷ್ಟು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ: ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4. ಅಸಿಸ್ಟೆಂಟಿಗೆ ಸ್ವಂತ ಪಿಎಚ್‌ಡಿ ಮತ್ತು ಮೂರು ಪ್ರಕಟಣೆ ಇರಬೇಕು, ಮೇಲಿನವರಿಗೆ ಐದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಐದು ವರ್ಷದ ಪಟ್ಟಿ ಮಾಡಿ ನೋಡಿ, ಪ್ರೊಫೆಸರುಗಳು ಒಟ್ಟಿಗೆ ನಿವೃತ್ತರಾಗುವ ವರ್ಷ ಈಗಲೇ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಆನರ್ಸ್ ಕೋರ್ಸುಗಳು. 160ರ ಮೇಲೆ 18-20 ಕ್ರೆಡಿಟ್ ಪಡೆಯುವವರಿಗೆ ಎಂ.ಟೆಕ್ ಮಟ್ಟದ ಕೋರ್ಸ್ ತೆರೆದಿಡಿ. ಒಂದೇ ತರಗತಿಯಲ್ಲಿ ಆನರ್ಸ್, ಎಂ.ಟೆಕ್ ಇಬ್ಬರೂ ಕೂರಲಿ. ಸಂಶೋಧನೆಗೆ ನಿಜವಾಗಿ ಹತ್ತಿರದ ವಿಷಯ ಇಲ್ಲಿ ಬರಬಹುದು, ಏಕೆಂದರೆ ಇಲ್ಲಿ ಇರುವವರು ಬೇಕೆಂದೇ ಬಂದವರು. ಪಿಎಚ್‌ಡಿ ಕೋರ್ಸ್‌ವರ್ಕಿನ ಕನಿಷ್ಠ 12 ಕ್ರೆಡಿಟ್ ಮಾತ್ರ ಬೇರೆ ವಿಷಯ. ಪಿಎಚ್‌ಡಿ ಕೊಡುವುದು ವಿಟಿಯು, ಆದ್ದರಿಂದ ನಿಮ್ಮ ಕೋರ್ಸ್ ಅಲ್ಲಿ ಎಣಿಕೆಗೆ ಬರುತ್ತದೆ ಅಂತ ಬರಹದಲ್ಲಿ ಸಿಗುವ ತನಕ ಯಾರಿಗೂ ಮಾತು ಕೊಡಬೇಡಿ.

ಮೂರನೆಯದು ಪ್ರಾಜೆಕ್ಟ್, ಇದೇ ಮುಖ್ಯ. ಹೆಚ್ಚಿನ ಕಡೆ ಪ್ರಾಜೆಕ್ಟ್ ಒಂದು ಬ್ಯಾಚಿನ ಜೊತೆ ಹುಟ್ಟಿ ಅದರ ಜೊತೆಗೇ ಸಾಯುತ್ತದೆ. ವಿಎಲ್‌ಎಸ್‌ಐಯಲ್ಲಿ ಹಾಗೆ ಮಾಡಿದರೆ ಸಿಮ್ಯುಲೇಷನ್ ವರದಿ ಬಿಟ್ಟು ಮತ್ತೇನೂ ಉಳಿಯದು. ಮೊಹಾಲಿಯ ಎಸ್‌ಸಿಎಲ್ ಚಿಪ್ ಕಾರ್ಖಾನೆಯ 180 ನ್ಯಾನೋಮೀಟರ್ ಆಗಲಿ ಬೇರೆ ಕಡೆ ಆಗಲಿ, ಟೇಪ್‌ಔಟ್ (ತಯಾರಿಕೆಗೆ ಸಿದ್ಧವಾದ ಅಂತಿಮ ವಿನ್ಯಾಸ) ಕಳಿಸಿ ಚಿಪ್ ಕೈಗೆ ಬರಲು ತಿಂಗಳುಗಟ್ಟಲೆ ಬೇಕು. ವಿನ್ಯಾಸ ಮಾಡಿದ ಬ್ಯಾಚು ಅಷ್ಟರಲ್ಲಿ ಕಾಲೇಜು ಬಿಟ್ಟಿರುತ್ತದೆ. ಹಾಗಾಗಿ ಕೆಲಸವನ್ನೇ ಬ್ಯಾಚುಗಳಿಗೆ ಹಂಚಿ: 6ನೇ ಸೆಮ್ ಮಿನಿ ಪ್ರಾಜೆಕ್ಟಿನಲ್ಲಿ ಒಂದು ಬ್ಲಾಕ್, 7ರಲ್ಲಿ ಲೇಔಟ್ ಮತ್ತು ಪರಿಶೀಲನೆ, ಮುಂದಿನ ವರ್ಷದ 6ನೇ ಸೆಮ್‌ನವರು ಟೆಸ್ಟ್ ಬೋರ್ಡ್ ವಿನ್ಯಾಸ ಮಾಡಿ ಬಂದ ಚಿಪ್ಪನ್ನು ಅಳೆಯುವುದು. ಪಿಎಚ್‌ಡಿ ವಿದ್ಯಾರ್ಥಿಗೆ ಕನಿಷ್ಠ ಅವಧಿಯೇ ಮೂರು ವರ್ಷ. ಬ್ಯಾಚಿನಿಂದ ಬ್ಯಾಚಿಗೆ ಎಳೆ ಹಿಡಿದಿರುವವರು ಅವರೇ. ಫೈಲುಗಳು ವಿದ್ಯಾರ್ಥಿಗಳ ಪೆನ್‌ಡ್ರೈವಿನಲ್ಲಿ ಇರದೆ ವಿಭಾಗದ ಗಿಟ್ ಸರ್ವರಿನಲ್ಲಿ ಇರಬೇಕು. ರಿವ್ಯೂ ಅಂಕದಲ್ಲಿ ಒಂದಿಷ್ಟನ್ನು ಮುಂದಿನವರಿಗೆ ಹಸ್ತಾಂತರ ಮಾಡಿದ ದಾಖಲೆಗೇ ಇಡಿ, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಟೂಲ್ ವಿಷಯ. ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದ ಮೂಲಕ ವಾಣಿಜ್ಯ ಇಡಿಎ (ಚಿಪ್ ವಿನ್ಯಾಸದ ಸಾಫ್ಟ್‌ವೇರ್) ಟೂಲ್‌ಗಳು ಭಾಗವಹಿಸುವ ಸಂಸ್ಥೆಗಳಿಗೆ ಸಿಗುತ್ತವೆ. ಸಿಕ್ಕಿದರೂ ಕೋರ್ ಲ್ಯಾಬನ್ನು ಅದೊಂದರ ಮೇಲೆ ನಿಲ್ಲಿಸಬೇಡಿ. ಲೈಸೆನ್ಸ್ ಸರ್ವರ್ ನಿಂತ ದಿನ ಇಡೀ ಬ್ಯಾಚು ಕೈಕಟ್ಟಿ ಕೂರುತ್ತದೆ. ಕೋರ್ ಲ್ಯಾಬಿಗೆ ಉಚಿತವಾಗಿ ಸಿಗುವ ಎನ್‌ಜಿಸ್ಪೈಸ್, ಮ್ಯಾಜಿಕ್, ಐಕಾರಸ್ ವೆರಿಲಾಗ್, ಯೋಸಿಸ್, ಸ್ಕೈವಾಟರ್ 130 ನ್ಯಾನೋಮೀಟರ್‌ನ ಮುಕ್ತ ಪಿಡಿಕೆ (ಕಾರ್ಖಾನೆಯ ವಿನ್ಯಾಸ ನಿಯಮಗಳ ಕಡತ) ಸಾಕು. ವಿದ್ಯಾರ್ಥಿ ಮನೆಯಲ್ಲೂ ಮಾಡಬಹುದು. ವಾಣಿಜ್ಯ ಟೂಲ್ ಎಲೆಕ್ಟಿವ್ ಮತ್ತು ಪ್ರಾಜೆಕ್ಟಿಗೆ ಇರಲಿ.

ಹಣಕ್ಕೆ: ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಕೆಎಸ್‌ಸಿಎಸ್‌ಟಿಯ (ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ಇದೆ, ಲ್ಯಾಬಿಗೆ ಎಐಸಿಟಿಇಯ ಲ್ಯಾಬ್ ಆಧುನೀಕರಣ ಯೋಜನೆ ಮಾಡ್‌ರಾಬ್ಸ್, ಸಂಶೋಧನೆಗೆ ಎಸ್‌ಇಆರ್‌ಬಿ ಜಾಗಕ್ಕೆ ಬಂದಿರುವ ಕೇಂದ್ರದ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್. 7ನೇ ಸೆಮಿಸ್ಟರಿನಲ್ಲಿ ವಿಷಯ ಹುಡುಕಲು ಕೂರುವ ತಂಡಕ್ಕೆ ಇವು ಯಾವುವೂ ಸಮಯಕ್ಕೆ ಸಿಗುವುದಿಲ್ಲ. ವಿಷಯ, ತಂಡ, ಗೈಡ್ 6ರ ಕೊನೆಗೇ ಗೊತ್ತಾಗಿರಬೇಕು.

ವಿಟಿಯು 2022ರ ಸ್ಕೀಮಿನಲ್ಲಿ 7 ಮತ್ತು (ಇಂಟರ್ನ್‌ಶಿಪ್ ಇರುವ) 8ನೇ ಸೆಮಿಸ್ಟರ್ ಅದಲುಬದಲು ಮಾಡಿಕೊಳ್ಳುವ ಅವಕಾಶ ಇದೆಯಲ್ಲ, ಅದನ್ನು ನೀವೂ ಇಡುವುದಾದರೆ ಪ್ರಾಜೆಕ್ಟ್ ತಂಡ ರಚಿಸುವಾಗ ಒಂದೇ ಗುಂಪಿನವರನ್ನೇ ಸೇರಿಸಿ. ಇಬ್ಬರು ಇಂಟರ್ನ್‌ಶಿಪ್‌ನಲ್ಲಿ, ಇಬ್ಬರು ಕ್ಯಾಂಪಸ್‌ನಲ್ಲಿ ಇರುವ ತಂಡದಿಂದ ಹಾರ್ಡ್‌ವೇರ್ ಕೆಲಸ ಆಗದು.

ಉತ್ತರ: ಐವತ್ತು_ಓಮ್

ಆರ್‌ಎಫ್ ಟ್ರ್ಯಾಕಿನ ಉಪಕರಣಗಳ ಬಗ್ಗೆ ಮೇಲಿನವರು ಏನೂ ಹೇಳಿಲ್ಲ, ಸೇರಿಸುತ್ತೇನೆ. ಸಂಶೋಧನೆಯ ಹಣದಲ್ಲಿ ಬಂದ ವೆಕ್ಟರ್ ನೆಟ್‌ವರ್ಕ್ ಅನಲೈಸರನ್ನು (ಆಂಟೆನಾ, ಫಿಲ್ಟರ್ ಅಳೆಯುವ ದುಬಾರಿ ಉಪಕರಣ) ಯುಜಿ ಲ್ಯಾಬಿಗೂ ಬಳಸುತ್ತೇವೆ ಅಂತ ಸ್ಕೀಮಿನಲ್ಲಿ ಬರೆಯುವ ಮುಂಚೆ ಕನೆಕ್ಟರಿನ ಲೆಕ್ಕ ಹಾಕಿ. ಎಸ್‌ಎಂಎ ಕನೆಕ್ಟರಿಗೆ ಸುಮಾರು 500 ಬಾರಿ ಹಾಕಿ ತೆಗೆಯುವಷ್ಟು ಆಯಸ್ಸು. ಒಂದು ಪೋರ್ಟಿನ ಪ್ರಯೋಗಕ್ಕೆ ಓಪನ್, ಶಾರ್ಟ್, ಲೋಡ್, ಆಮೇಲೆ ಆಂಟೆನಾ: ನಾಲ್ಕು ಸಲ. ಬ್ಯಾಚಿಗೆ ಐದು ಗುಂಪು, 9 ಬ್ಯಾಚು: 180. ಮೂರು ಪ್ರಯೋಗದಲ್ಲಿ 540. ಒಂದೇ ಸೆಮಿಸ್ಟರಿನಲ್ಲಿ ಪೋರ್ಟ್ ಸವೆದು, ಪಿಎಚ್‌ಡಿಯವರ ಅಳತೆಗಳು ದಿನಕ್ಕೊಂದು ತರಹ ಬರಲು ಶುರುವಾಗುತ್ತವೆ. ಕಾರಣ ಗೊತ್ತಾಗುವಷ್ಟರಲ್ಲಿ ಕ್ಯಾಲಿಬ್ರೇಷನ್ ಕಿಟ್ ಕೂಡ ಹೋಗಿರುತ್ತದೆ.

ಬೆಂಚಿಗೊಂದು ನ್ಯಾನೋವಿಎನ್‌ಎ (ಅಗ್ಗದ ಪುಟ್ಟ ಅನಲೈಸರ್) ಕೊಡಿ. 433 ಮತ್ತು 868 ಮೆಗಾಹರ್ಟ್ಸ್‌ನ ಆಂಟೆನಾ, ಫಿಲ್ಟರ್, ಕೇಬಲ್ ಕಲಿಯಲು ಅದು ಧಾರಾಳ. 2.4 ಗಿಗಾಹರ್ಟ್ಸ್ ಬೇಕಾದರೆ ಅಲ್ಲಿಯವರೆಗೆ ಹೋಗುವ ಮಾದರಿಯನ್ನೇ ನೋಡಿ ಕೊಳ್ಳಿ, ಅಗ್ಗದ ಮೊದಲ ಮಾದರಿಗಳು ಅಷ್ಟು ದೂರ ಹೋಗುವುದಿಲ್ಲ. ದೊಡ್ಡ ಉಪಕರಣದ ಪೋರ್ಟಿಗೆ ಕನೆಕ್ಟರ್ ಸೇವರ್ ಅಡಾಪ್ಟರ್ ಸದಾ ಹಾಕಿರಲಿ, ಟಾರ್ಕ್ ವ್ರೆಂಚ್ ಅದರ ಪಕ್ಕದಲ್ಲೇ ಕಟ್ಟಿರಲಿ. ವಿದ್ಯಾರ್ಥಿಗಳ ಕಿಟ್ ಬೇರೆ, ಸಂಶೋಧನೆಯ ಕಿಟ್ ಬೇರೆ, ಎರಡನೆಯದು ಬೀಗದಲ್ಲಿ. 7ನೇ ಸೆಮ್ ಎಲೆಕ್ಟಿವ್ ಆರಿಸಿಕೊಂಡ ಇಪ್ಪತ್ತು-ಮೂವತ್ತು ಮಂದಿಗೆ ಮಾತ್ರ ದೊಡ್ಡ ಉಪಕರಣ, ಅದೂ ಸಂಶೋಧನಾ ವಿದ್ಯಾರ್ಥಿ ಎದುರಿಗಿದ್ದಾಗ.

ಇಸಿ_ಕರಡು

ಕೊನೆಯದಾಗಿ ಬಿಒಎಸ್ ಮತ್ತು ಸಿಒ-ಪಿಒ (ಕೋರ್ಸಿನ ಕಲಿಕಾ ಫಲಗಳನ್ನು ಇಡೀ ಪದವಿಯ ಫಲಗಳಿಗೆ ಹೊಂದಿಸುವ ಪಟ್ಟಿ). ನಮ್ಮ ಹಳೆಯ ಶೀಟುಗಳಲ್ಲಿ ಪಿಒ 12 ಇವೆ. ಹಾಗೇ ಮುಂದುವರಿಸಬಹುದೇ?

ಉತ್ತರ: ಗಂಟೆಲೆಕ್ಕ

ಬೇಡ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಯ ಹೊಸ ನಮೂನೆಯಲ್ಲಿ ಪಿಒ 11. ಹಳೆಯ 6 (ಎಂಜಿನಿಯರ್ ಮತ್ತು ಸಮಾಜ) ಹಾಗೂ 7 (ಪರಿಸರ, ಸುಸ್ಥಿರತೆ) ಸೇರಿ ಒಂದೇ 6 ಆಗಿದೆ. ನೈತಿಕತೆ 8ರಿಂದ 7ಕ್ಕೆ, ತಂಡದ ಕೆಲಸ 9ರಿಂದ 8ಕ್ಕೆ, ಹೀಗೆ ಕೆಳಗಿನವೆಲ್ಲ ಒಂದೊಂದು ಸ್ಥಾನ ಮೇಲೆ. ಹಳೆಯ ಶೀಟಿನ ಕೊನೆಯ ಕಾಲಂ ಅಳಿಸಿ 11 ಮಾಡಿದರೆ ಜೀವನಪರ್ಯಂತ ಕಲಿಕೆ ಮಾಯವಾಗಿ, 7ರಿಂದ ಮುಂದಿನವೆಲ್ಲ ತಪ್ಪು ಹೆಸರಿನಡಿ ಕೂರುತ್ತವೆ. ಪಿಒ ವಿವರಣೆಗಳೂ ಬದಲಾಗಿರುವುದರಿಂದ ಮ್ಯಾಪಿಂಗ್ ಹೊಸದಾಗಿಯೇ ಮಾಡಿ. ಕೋರ್ಸಿಗೆ 4ರಿಂದ 6 ಸಿಒ ಸಾಕು. ಎಲ್ಲ ಪಿಒಗೂ 3 (ಗರಿಷ್ಠ ಸಂಬಂಧ) ಅಂತ ತುಂಬಿಸಬೇಡಿ. ಸಿಗ್ನಲ್ಸ್ ಕೋರ್ಸಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ 3 ಅಂತ ಹಾಕಿದರೆ ಯಾವ ಪ್ರಶ್ನೆಯಿಂದ ಅಳೆದಿರಿ ಅಂತ ಎನ್‌ಬಿಎ ತಂಡದವರು ಕೇಳಿಯೇ ಕೇಳುತ್ತಾರೆ. ಅಳೆಯಲಾಗದ್ದಕ್ಕೆ ಗೆರೆ ಎಳೆದು ಖಾಲಿ ಬಿಡಿ. ಮಿನಿ ಪ್ರಾಜೆಕ್ಟ್, ಪ್ರಾಜೆಕ್ಟ್‌ಗಳಲ್ಲಿ 8, 9, 10ನ್ನು (ತಂಡದ ಕೆಲಸ, ಸಂವಹನ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್) ಅಳೆಯುವ ರೂಬ್ರಿಕ್ (ಅಂಕ ಕೊಡುವ ಮಾನದಂಡಗಳ ಪಟ್ಟಿ) ಇದ್ದರೆ ಆ ಕಾಲಂಗಳು ತುಂಬುತ್ತವೆ.

ಬಿಒಎಸ್‌ಗೆ ಹೊರಗಿನ ಇಬ್ಬರು ತಜ್ಞರನ್ನು ಅಕಾಡೆಮಿಕ್ ಕೌನ್ಸಿಲ್ ಹೆಸರಿಸಬೇಕು. ಇನ್ನೊಬ್ಬರು ಕುಲಪತಿಗಳ ನಾಮನಿರ್ದೇಶಿತರು, ಅವರನ್ನು ಪ್ರಾಂಶುಪಾಲರು ಕಳಿಸುವ ಆರು ಹೆಸರಿನ ಪಟ್ಟಿಯಿಂದ ಆರಿಸುತ್ತಾರೆ. ಜೊತೆಗೆ ಉದ್ಯಮದಿಂದ ಒಬ್ಬರು, ಹಳೆಯ ವಿದ್ಯಾರ್ಥಿ ಒಬ್ಬರು. ಕುಲಪತಿಗಳ ಕಡೆಯಿಂದ ಹೆಸರು ಬರಲು ವಾರಗಳು ಹಿಡಿಯುತ್ತವೆ, ಆದ್ದರಿಂದ ಆ ಪತ್ರ ಸಿಲಬಸ್ ಮುಗಿಯುವ ತನಕ ಕಾಯದೆ ಈ ವಾರವೇ ಹೋಗಲಿ. ಉದ್ಯಮದವರಿಗೆ ಇನ್ನೂರು ಪುಟದ ಸಿಲಬಸ್ ಕಳಿಸಬೇಡಿ, ಓದುವುದಿಲ್ಲ. ಪೂರ್ವಾಪೇಕ್ಷೆಯ ನಕ್ಷೆ ಒಂದು ಪುಟ, ಎಲೆಕ್ಟಿವ್ ಪಟ್ಟಿ ಒಂದು ಪುಟ, ಲ್ಯಾಬ್ ಪ್ರಯೋಗಗಳ ಪಟ್ಟಿ ಎರಡು ಪುಟ ಸಭೆಗೆ ಹತ್ತು ದಿನ ಮುಂಚೆ ಕಳಿಸಿ, ಯಾವ ಪ್ರಯೋಗ ಕೈಬಿಡಬಹುದು ಅಂತ ನೇರವಾಗಿ ಕೇಳಿ. ಸೇರಿಸಲು ಎಲ್ಲರೂ ಹೇಳುತ್ತಾರೆ. ನಡಾವಳಿಯಲ್ಲಿ ಪ್ರತಿ ಸೇರ್ಪಡೆಯ ಎದುರು ಏನು ತೆಗೆದಿರಿ ಅನ್ನುವ ಕಾಲಂ ಇಡಿ. 40 ಗಂಟೆಯ ಕೋರ್ಸು ಸಭೆ ಮುಗಿಯುವಷ್ಟರಲ್ಲಿ 52 ಗಂಟೆಯದಾಗುವುದು ಆ ಕಾಲಂ ಇಲ್ಲದಿದ್ದಾಗಲೇ.